ಹೆಲಿಕಾಪ್ಟರ್ ಹೋಯಿತು, ಡ್ರೋನ್ ಬಂತು: ನೆರೆಮನೆಯವರನ್ನು ಕೇಳುವವರು ಯಾರು?

ಕಳೆದ ಮಳೆಗಾಲದಲ್ಲಿ ಮಳೆ ನಾಲ್ಕು ದಿನ ಬಿಡುವು ಕೊಟ್ಟಿತ್ತು. ಆ ಹೊತ್ತಿಗೆ ನಮ್ಮ ನೆರೆಕರೆಯ ಅಡಿಕೆ ತೋಟವೊಂದಕ್ಕೆ ಡ್ರೋನ್ ಬಂತು. ಜೀಪಿನಲ್ಲಿ ಬಂದ ಇಬ್ಬರು ಹುಡುಗರು ಅಂಗಳದಲ್ಲಿ ಅದರ ರೆಕ್ಕೆ ಬಿಡಿಸಿದರು, ಟ್ಯಾಂಕಿಗೆ ಮದ್ದು ತುಂಬಿಸಿದರು, ಕೈಯಲ್ಲಿದ್ದ ರಿಮೋಟ್ ಒತ್ತಿದರು. ಜೇನುಹುಳದ ಹಿಂಡು ಎದ್ದ ಹಾಗೆ ಸದ್ದು ಮಾಡುತ್ತಾ ಅದು ಮರಗಳ ತಲೆಯ ಮೇಲೆ ಹೋಯಿತು. ಶಾಲೆಗೆ ರಜೆ ಇದ್ದ ಮಕ್ಕಳೆಲ್ಲ ಅಲ್ಲಿ ಸೇರಿದ್ದರು. ಮೊಬೈಲ್ ಇದ್ದವರೆಲ್ಲ ವಿಡಿಯೋ ತೆಗೆದರು. ನಾನೂ ತೆಗೆದೆ.

ಅಷ್ಟರಲ್ಲಿ ಪಕ್ಕದ ಜಾಗೆಯ ಅಜ್ಜಿ ಮನೆಯಿಂದ ಹೊರಗೆ ಬಂದರು. ಮೇಲೆ ನೋಡಿದರು. ಯಾರ ಹತ್ತಿರವೂ ಏನೂ ಕೇಳಲಿಲ್ಲ. ಒಣಗಲು ಹಾಕಿದ್ದ ಬಟ್ಟೆ ಎಳೆದು ಒಳಗಿಟ್ಟರು, ಮೊಮ್ಮಗನನ್ನು ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಆಮೇಲೆ ಹಟ್ಟಿಯ ಬದಿಯಲ್ಲಿದ್ದ ತಗಡಿನ ಶೀಟನ್ನು ಎಳೆದು ತಂದು ಬಾವಿಯ ಮೇಲೆ ಹಾಕಿದರು. ಅದು ಹಾರದ ಹಾಗೆ ನಾಲ್ಕು ಕಲ್ಲು ಇಟ್ಟರು.

ನಾನು ಹೋಗಿ, ‘ಅಜ್ಜೀ, ಇದು ಬರೀ ಬೋರ್ಡೋ. ಮೈಲುತುತ್ತು, ಸುಣ್ಣ. ಎಂತದೂ ಆಗುದಿಲ್ಲ’ ಅಂದೆ.

ಅವರು ನನ್ನ ಮುಖ ನೋಡಿ, ‘ಎಂತದೂ ಆಗುದಿಲ್ಲ ಅಂತ ಅವತ್ತು ಕೂಡಾ ಹೇಳಿದ್ದರಲ್ಲ ಮಾಷ್ಟ್ರೇ’ ಅಂದರು.

ನನಗೆ ಉತ್ತರ ಹೊಳೆಯಲಿಲ್ಲ. ಅವತ್ತು ಹಾಗೆ ಹೇಳಿದವರಲ್ಲಿ ನಾನೂ ಒಬ್ಬ. 1980ರ ದಶಕದ ಆರಂಭದಲ್ಲಿ ನಾನು ಗೇರುಗುಡ್ಡೆಯ ಕೆಳಗಿನ ಒಂದು ಶಾಲೆಯಲ್ಲಿ ಹೊಸ ಮಾಸ್ತರ. ಹೆಲಿಕಾಪ್ಟರಿನ ಸದ್ದು ಕೇಳಿದ ಕೂಡಲೇ ಮಕ್ಕಳನ್ನು ಅಂಗಳಕ್ಕೆ ಬಿಡುತ್ತಿದ್ದೆವು. ಅದನ್ನು ಅಷ್ಟು ಹತ್ತಿರದಿಂದ ನೋಡುವ ಭಾಗ್ಯ ಪೇಟೆಯ ಮಕ್ಕಳಿಗೂ ಇಲ್ಲ ಎಂದು ನಮಗೆ ಹೆಮ್ಮೆ. ಅದು ಬಿಟ್ಟು ಹೋದ ಮಂಜು ಕೆಳಗೆ ಇಳಿಯುವಾಗ ಮಕ್ಕಳು ಕೈ ಚಾಚಿ ಕುಣಿಯುತ್ತಿದ್ದರು. ‘ಒಳಗೆ ಬನ್ನಿ’ ಎಂದು ಕರೆಯಬೇಕು ಎಂದು ನಮಗೆ ಯಾರೂ ಹೇಳಿರಲಿಲ್ಲ. ನಾವೂ ಯಾರನ್ನೂ ಕೇಳಲಿಲ್ಲ.

ಆದ್ದರಿಂದ ಈ ಬರಹವನ್ನು ಡ್ರೋನ್ ವಿರೋಧಿಯ ಬರಹ ಎಂದು ಓದಬೇಡಿ. ಒಮ್ಮೆ ಕೇಳಬೇಕಾದ್ದನ್ನು ಕೇಳದೆ ಕೂತವನೊಬ್ಬ ಈ ಸಲವಾದರೂ ಕೇಳುತ್ತಿದ್ದಾನೆ ಎಂದು ಓದಿ.

ಡ್ರೋನ್ ಬೇಕು ಎನ್ನುವವರ ಮಾತು ಸುಳ್ಳಲ್ಲ

ಮೊದಲು ಕೃಷಿಕನ ಕಷ್ಟ ಹೇಳಿಬಿಡುತ್ತೇನೆ. ನಾನೂ ಕೃಷಿಕನೇ. ಮುನ್ನೂರು ಅಡಿಕೆ ಮರ ಇದೆ. ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲು ಒಂದು ಸಲ, ಸುಮಾರು 40-45 ದಿನ ಕಳೆದು ಇನ್ನೊಂದು ಸಲ ಬೋರ್ಡೋ ದ್ರಾವಣ ಬಿಡಲೇಬೇಕು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ ಮದ್ದು ಇದು. ನಮ್ಮ ಕಡೆಯ ಅಡಿಕೆಯ ಕೊಳೆಗೆ ಕಾರಣವಾದ ಶಿಲೀಂಧ್ರದ ಬಗ್ಗೆ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲೇ ಬರೆದರು. ನೂರಕ್ಕೂ ಹೆಚ್ಚು ವರ್ಷದಿಂದ ಮದ್ದು ಅದೇ, ಮರ ಹತ್ತುವ ವಿಧಾನವೂ ಅದೇ.

ಆದರೆ ಹತ್ತುವವರು ಎಲ್ಲಿದ್ದಾರೆ? ನಲ್ವತ್ತು-ಐವತ್ತು ಅಡಿ ಎತ್ತರದ, ಮಳೆಗೆ ಪಾಚಿ ಕಟ್ಟಿ ಜಾರುವ ಮರಕ್ಕೆ ಕಾಲಿಗೆ ತಳೆ ಹಾಕಿ ಹತ್ತಿ, ಒಂದು ಮರದಿಂದ ಇನ್ನೊಂದಕ್ಕೆ ಬಾಗಿ ಹಾರುವ ಕೆಲಸ ಅದು. ಬಿದ್ದು ಸೊಂಟ ಮುರಿದುಕೊಂಡವರು ಪ್ರತಿ ಊರಿನಲ್ಲೂ ಇದ್ದಾರೆ. ಅವರ ಮಕ್ಕಳು ಆ ಕೆಲಸಕ್ಕೆ ಬರುವುದಿಲ್ಲ. ಬರಬಾರದು ಕೂಡಾ. ಇದ್ದ ಒಬ್ಬಿಬ್ಬರಿಗೆ ಹತ್ತು ಮನೆಯ ಸರದಿ. ನಮ್ಮ ಸರದಿ ಬರುವಷ್ಟರಲ್ಲಿ ಅಡಿಕೆ ಉದುರಿ ತೋಟದ ತುಂಬಾ ಹಾಸಿರುತ್ತದೆ. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದಲ್ಲಿ ನಿಂತೇ ಮದ್ದು ಬಿಡುವುದು, ಕೊಯ್ಯುವುದು ಸಾಧ್ಯವಾಯಿತು. ಆದರೂ ಅಷ್ಟು ಉದ್ದದ ದೋಟಿ ಹಿಡಿದು ದಿನವಿಡೀ ಮೇಲೆ ನೋಡುವವನ ಕುತ್ತಿಗೆಯನ್ನು ಕೇಳಿ ನೋಡಿ.

ಹೀಗಿರುವಾಗ ಡ್ರೋನ್ ಬಂದರೆ ಕೃಷಿಕ ಸಂತೋಷಪಡದೆ ಇರುತ್ತಾನಾ? ಸರಕಾರವೂ ಬೆನ್ನಿಗೆ ನಿಂತಿದೆ. 2021ರ ಆಗಸ್ಟಿನಲ್ಲಿ ಹೊಸ ಡ್ರೋನ್ ನಿಯಮಗಳು ಬಂದವು. 2023ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ‘ನಮೋ ಡ್ರೋನ್ ದೀದಿ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್, ಬೆಲೆಯ ಶೇಕಡಾ 80ರಷ್ಟು, ಅಂದರೆ 8 ಲಕ್ಷ ರೂಪಾಯಿಯ ತನಕ ಸಹಾಯಧನ, ಒಟ್ಟು 1,261 ಕೋಟಿ ರೂಪಾಯಿ. ಹೆಂಗಸರ ಕೈಗೆ ಯಂತ್ರ, ಯಂತ್ರದಿಂದ ಸಂಪಾದನೆ. ಒಳ್ಳೆಯದೇ. ಇದರಲ್ಲಿ ತಕರಾರು ತೆಗೆಯುವಂಥದ್ದು ಏನೂ ಇಲ್ಲ.

ನನ್ನ ತಕರಾರು ಇರುವುದು ಬೇರೆ ಕಡೆ. ಯಂತ್ರ ಹಾರಿಸಲು ನಮಗೆ ಕಲಿಸುತ್ತಿದ್ದಾರೆ. ನೆರೆಮನೆಯ ಬಾಗಿಲು ತಟ್ಟಿ ‘ನಾಳೆ ಮದ್ದು ಬಿಡುತ್ತೇವೆ’ ಎಂದು ಹೇಳಲು ಮಾತ್ರ ಯಾರೂ ಕಲಿಸುತ್ತಿಲ್ಲ.

ಮರೆಯಬಾರದ ಲೆಕ್ಕ

ಹೊಸ ತಲೆಮಾರಿನವರಿಗಾಗಿ ಹಳೆಯ ಕಥೆಯನ್ನು ಇನ್ನೊಮ್ಮೆ ಹೇಳಬೇಕಾಗಿದೆ. ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿಗೆ ನಮ್ಮ ಜಿಲ್ಲೆಯಲ್ಲಿ ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಮಿಕ್ಕಿದ ಗೇರು ತೋಟ ಇದೆ. ಗೇರು ಹೂ ಬಿಡುವ ಹೊತ್ತಿಗೆ ಚಹಾ ಸೊಳ್ಳೆ ಎಂಬ ಕೀಟ ಚಿಗುರನ್ನು ಹೀರಿ ಒಣಗಿಸುತ್ತದೆ. ಅದನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ನೇ ಇಸವಿಯ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು ಸೇರಿ 11 ಪಂಚಾಯತುಗಳು ಬಾಧಿತ ಎಂದು ಗುರುತಿಸಲ್ಪಟ್ಟವು. ಈ ಹೆಸರುಗಳನ್ನು ಮತ್ತೊಮ್ಮೆ ಓದಿ ನೋಡಿ. ಇವುಗಳಲ್ಲಿ ಹೆಚ್ಚಿನವು ಕನ್ನಡ, ತುಳು ಮಾತಾಡುವ ಊರುಗಳು.

ಗೇರು ಗುಡ್ಡೆಯ ಮೇಲೆ, ಮನೆ ಕಣಿವೆಯಲ್ಲಿ. ನಮ್ಮ ಊರುಗಳ ಲಕ್ಷಣವೇ ಅದು. ಮೇಲಿನಿಂದ ಇಳಿದ ನೀರು ಸುರಂಗದಲ್ಲಿ ಒಸರುತ್ತದೆ, ತೋಡಿನಲ್ಲಿ ಹರಿಯುತ್ತದೆ, ನಾವು ಕುಡಿಯುತ್ತೇವೆ. ಬಾವಿ ಮುಚ್ಚಿಕೊಳ್ಳಿ ಎಂದು ಹೇಳಿದ್ದೇವೆ ಎನ್ನುವುದು ಸಿಂಪಡಿಸಿದವರ ವಾದ. ಬಾವಿಗೆ ತಗಡು ಇಡಬಹುದು. ತೋಡಿಗೆ ಏನು ಇಡುವುದು? ಸುರಂಗದ ತಲೆಯ ಮೇಲಿನ ಇಡೀ ಗುಡ್ಡೆಗೆ ಏನು ಹೊದೆಸುವುದು?

ಮೊದಲು ಕಂಡದ್ದು ದನಕರುಗಳಲ್ಲಿ. ಕರುಗಳು ಕಾಲು ತಿರುಚಿಕೊಂಡು ಹುಟ್ಟುತ್ತಿವೆ ಎಂದು ಪತ್ರಕರ್ತ ಶ್ರೀಪಡ್ರೆಯವರು 1980ರ ದಶಕದ ಆರಂಭದಲ್ಲೇ ಬರೆದರು. ಪಡ್ರೆಯಲ್ಲಿ ಚಿಕಿತ್ಸೆ ಕೊಡುತ್ತಿದ್ದ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಕ್ಯಾನ್ಸರ್ ಹೆಚ್ಚು ಕಾಣುವುದನ್ನು ಗಮನಿಸಿ ಮನೆಮನೆಯ ಲೆಕ್ಕ ಬರೆದಿಟ್ಟರು. ಕೃಷಿ ಇಲಾಖೆಯಲ್ಲೇ ನೌಕರಿಯಲ್ಲಿದ್ದ ಪೆರಿಯದ ಲೀಲಾಕುಮಾರಿ ಅಮ್ಮ 1998ರಲ್ಲಿ ಕೋರ್ಟಿಗೆ ಹೋಗಿ ಸಿಂಪಡಣೆಗೆ ತಡೆಯಾಜ್ಞೆ ತಂದರು. ಒಬ್ಬ ಪತ್ರಕರ್ತ, ಒಬ್ಬ ಹಳ್ಳಿ ಡಾಕ್ಟರು, ಒಬ್ಬ ಹೆಣ್ಣುಮಗಳು. ದೊಡ್ಡ ಪ್ರಯೋಗಾಲಯ ಯಾರ ಹತ್ತಿರವೂ ಇರಲಿಲ್ಲ. ಕಣ್ಣಿತ್ತು, ಬರೆದಿಡುವ ಅಭ್ಯಾಸ ಇತ್ತು, ಹೆದರದ ಮನಸ್ಸಿತ್ತು.

ದೊಡ್ಡ ಪ್ರಯೋಗಾಲಯಗಳು ಆಮೇಲೆ ಬಂದವು. 2001ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಮಣ್ಣು, ಜನರ ರಕ್ತ ಪರೀಕ್ಷಿಸಿ ಎಂಡೋಸಲ್ಫಾನ್ ಇದೆ ಎಂದಿತು. ಕಾರ್ಪೊರೇಶನ್ ಮಾಡಿಸಿದ ಪರೀಕ್ಷೆ ಅಂಥದ್ದೇನೂ ಇಲ್ಲ ಎಂದಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಗೇರುಗುಡ್ಡೆಯ ಕೆಳಗಿನ ಊರಿನ 117 ಹುಡುಗರನ್ನೂ, ಸಿಂಪಡಣೆ ಇಲ್ಲದ ಊರಿನ 90 ಹುಡುಗರನ್ನೂ ಹೋಲಿಸಿ ನೋಡಿದರು. ಗುಡ್ಡೆಯ ಕೆಳಗಿನವರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿತ್ತು, ಹರೆಯಕ್ಕೆ ಬರುವ ದೇಹದ ಬೆಳವಣಿಗೆ ತಡವಾಗಿತ್ತು. ಆ ಅಧ್ಯಯನ 2003ರಲ್ಲಿ ಅಮೆರಿಕದ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು.

ಎಲ್ಲ ರೋಗಕ್ಕೂ ಎಂಡೋಸಲ್ಫಾನೇ ಕಾರಣವಾ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯ ಇತ್ತು, ಇಂದಿಗೂ ಇದೆ. ಅದನ್ನು ಮುಚ್ಚಿಡುವ ಅಗತ್ಯ ನನಗಿಲ್ಲ. ಆದರೆ ಈ ಜಗಳ ಯಾಕೆ ಮುಗಿಯಲಿಲ್ಲ ಎಂದು ಯೋಚಿಸಿದ್ದೀರಾ? ಹೆಲಿಕಾಪ್ಟರ್ ಹಾರುವ ಮೊದಲು ನಮ್ಮ ಊರಿನ ನೀರು ಹೇಗಿತ್ತು, ಮಕ್ಕಳು ಹೇಗಿದ್ದರು ಎಂದು ಯಾರೂ ಬರೆದಿಡಲಿಲ್ಲ. ಹಿಂದಿನ ಲೆಕ್ಕವೇ ಇಲ್ಲದಿದ್ದರೆ ಇಂದಿನದ್ದನ್ನು ಯಾವುದಕ್ಕೆ ಹೋಲಿಸುವುದು? ಬರೆದಿಡಬೇಕಾದವರು ಬರೆಯಲಿಲ್ಲ. ಅದರ ಲಾಭ ಸಿಕ್ಕಿದ್ದು ಅವರಿಗೇ. ‘ಸಾಬೀತು ಮಾಡಿ’ ಎಂಬ ಹೊರೆ ಬಿದ್ದದ್ದು ಹಾಸಿಗೆ ಹಿಡಿದ ಮಗುವಿನ ತಾಯಿಯ ತಲೆಗೆ.

2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಅದೇ ವರ್ಷ ಮೇ 13ರಂದು ನಮ್ಮ ಸುಪ್ರೀಂ ಕೋರ್ಟು ಅದರ ತಯಾರಿ, ಮಾರಾಟ, ಬಳಕೆಗೆ ತಡೆ ಹಾಕಿತು. 2017ರ ಜನವರಿ 10ರಂದು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿ ಎಂದು ಕೇರಳ ಸರಕಾರಕ್ಕೆ ಆದೇಶಿಸಿತು. ಮೂರು ತಿಂಗಳು! 2019ರಲ್ಲಿ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರದ ತನಕ ಹೋಗಿ ಸೆಕ್ರೆಟರಿಯೇಟಿನ ಎದುರು ಕೂತರು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಮತ್ತೆ ಲೆಕ್ಕ ಕೇಳಿದಾಗ ಗೊತ್ತಾದದ್ದು, 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಕೋರ್ಟಿಗೆ ಹೋದ ಎಂಟು ಮಂದಿಗೆ ಮಾತ್ರ. ಉಳಿದವರಿಗೆ ಹಣ ಬರತೊಡಗಿದ್ದು ಕೋರ್ಟು ಗದರಿಸಿದ ಮೇಲೆ.

ಹಳೆಯ ಎಂಡೋಸಲ್ಫಾನ್ ದಾಸ್ತಾನಿನ ಕಥೆ ಇನ್ನೊಂದು. ಕರ್ನಾಟಕದ ಗಡಿಗೆ ತಾಗಿಕೊಂಡಿರುವ ಮಿಂಚಿನಪದವಿನಲ್ಲಿ ಅದನ್ನು ಬಾವಿಗೆ ಸುರಿದು ಮುಚ್ಚಿದ್ದಾರೆ ಎಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ತನಕ ಹೋಯಿತು. ಸಿಂಪಡಣೆ ನಿಂತು ಇಪ್ಪತ್ತು ವರ್ಷ ದಾಟಿದ ಮೇಲೂ ನಾವು ಕೇಳುತ್ತಿರುವುದು ಅದೇ ಪ್ರಶ್ನೆ: ನಮ್ಮ ನೀರಿನಲ್ಲಿ ಏನಿದೆ?

ಕಾನೂನು ಆಗಲೂ ಇತ್ತು

ಇಷ್ಟೆಲ್ಲ ಆದದ್ದು ಕಾನೂನು ಇಲ್ಲದ್ದಕ್ಕೆ ಎಂದುಕೊಂಡರೆ ಅದು ತಪ್ಪು. ಕೀಟನಾಶಕ ಕಾಯಿದೆ 1968ರದ್ದು, ನಿಯಮಗಳು 1971ರವು. ಮೊದಲ ಹೆಲಿಕಾಪ್ಟರ್ ಬರುವ ಮೊದಲೇ ಆ ನಿಯಮಗಳಲ್ಲಿ ಆಕಾಶದಿಂದ ಸಿಂಪಡಿಸುವುದಕ್ಕೆ ಷರತ್ತು ಬರೆದಿಟ್ಟಿದ್ದರು. ಸಿಂಪಡಿಸುವ ಜಾಗವನ್ನು ಗುರುತು ಹಾಕಬೇಕು. ಒಪ್ಪಿಗೆ ಪಡೆದ ಮದ್ದನ್ನು ಒಪ್ಪಿಗೆಯ ಎತ್ತರದಿಂದಲೇ ಬಿಡಬೇಕು. ಕನಿಷ್ಠ 24 ಗಂಟೆ ಮೊದಲು ಸಾರ್ವಜನಿಕರಿಗೆ ತಿಳಿಸಬೇಕು. ಕೆಲಸಕ್ಕೆ ಸಂಬಂಧಪಡದ ಜನ, ಜಾನುವಾರು ನಿರ್ದಿಷ್ಟ ಅವಧಿಯ ತನಕ ಆ ಜಾಗಕ್ಕೆ ಹೋಗದ ಹಾಗೆ ತಡೆಯಬೇಕು.

ನಿಯಮ ಪುಸ್ತಕದಲ್ಲೇ ಉಳಿಯಿತು. ಮದ್ದು ಮಾತ್ರ ಗುಡ್ಡೆ ಇಳಿದು ಬಂತು. ಶಾಲೆಯ ಅಂಗಳದಲ್ಲಿ ಮಕ್ಕಳು ಕುಣಿಯುತ್ತಿದ್ದರು.

ಡ್ರೋನಿಗೂ ಹಾಗೆಯೇ ನಿಯಮ ಇದೆ. ಅದರಲ್ಲಿ ಮದ್ದು ಬಿಡುವ ಕ್ರಮದ ಬಗ್ಗೆ ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಹಾರಿಸುವವನಿಗೆ ತರಬೇತಿಯ ಸರ್ಟಿಫಿಕೇಟ್ ಬೇಕು. ಕಾಗದದಲ್ಲಿ ಎಲ್ಲ ಸರಿ ಇದೆ. ಆದರೆ ಇನ್ನೊಂದು ಸುದ್ದಿಯನ್ನು ನಮ್ಮಲ್ಲಿ ಎಷ್ಟು ಜನ ಓದಿದ್ದೇವೆ? 2022ರಲ್ಲಿ ಕೇಂದ್ರದ ಕೀಟನಾಶಕ ಮಂಡಳಿ 477 ಮದ್ದುಗಳನ್ನು ಡ್ರೋನಿನಲ್ಲಿ ಬಿಡಬಹುದು ಎಂದು ಒಮ್ಮೆಗೇ ಮಧ್ಯಂತರ ಅನುಮತಿ ಕೊಟ್ಟಿತು. ಮೊದಲ ಅವಧಿ ಎರಡು ವರ್ಷ. ಡ್ರೋನಿನಲ್ಲಿ ಬಿಟ್ಟರೆ ಏನಾಗುತ್ತದೆ ಎಂಬ ಮಾಹಿತಿಯನ್ನು ಆ ಅವಧಿಯಲ್ಲಿ ಕೂಡಿಸಬೇಕು. ಅಂದರೆ ಅನುಮತಿ ಮೊದಲು, ಅಧ್ಯಯನ ಆಮೇಲೆ. ಬೇರೆ ಊರಿನವರಿಗೆ ಇದು ಸಣ್ಣ ವಿಷಯ ಆಗಿರಬಹುದು. ನಮಗೆ ಹಾಗೆ ಅನಿಸಬಾರದು. ಆ ಕ್ರಮದಲ್ಲಿ ನಡೆದದ್ದಕ್ಕೆ ನಾವು ಒಮ್ಮೆ ಬೆಲೆ ಕೊಟ್ಟಾಗಿದೆ.

ಹೆಲಿಕಾಪ್ಟರೂ ಡ್ರೋನೂ ಒಂದೇ ಅಲ್ಲ, ಆದರೂ...

ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಹೆಲಿಕಾಪ್ಟರ್ ಇಡೀ ಗುಡ್ಡೆಯ ಮೇಲೆ ಸುರಿದುಕೊಂಡು ಹೋಗುತ್ತಿತ್ತು. ಡ್ರೋನ್ ಮರದ ತುದಿಗೆ ಹತ್ತಿರದಲ್ಲಿ ನಿಧಾನ ಹಾರುತ್ತದೆ, ಹಾಕಿಕೊಟ್ಟ ಗಡಿಯೊಳಗೆ ಉಪಗ್ರಹದ ಸಹಾಯದಿಂದ ತಿರುಗುತ್ತದೆ. ಬೋರ್ಡೋ ಕೂಡಾ ಎಂಡೋಸಲ್ಫಾನ್ ಅಲ್ಲ. ಬೆನ್ನಿಗೆ ಪಂಪು ಕಟ್ಟಿಕೊಂಡು ಮದ್ದು ಹೊಡೆಯುವವನ ಮೈಮೇಲೆ ಬೀಳುವಷ್ಟು ಮದ್ದು ಡ್ರೋನ್ ಹಾರಿಸುವವನ ಮೈಮೇಲೆ ಬೀಳುವುದಿಲ್ಲ. ಇದು ದೊಡ್ಡ ಲಾಭ, ಒಪ್ಪಿಕೊಳ್ಳೋಣ.

ಆದರೆ ಕೆಲವು ಸಂಗತಿಗಳನ್ನು ಮಾರುವವರು ಹೇಳುವುದಿಲ್ಲ. ಡ್ರೋನ್ ಹೊರುವುದು ಸಾಧಾರಣ ಹತ್ತು ಲೀಟರ್. ದೋಟಿಯಲ್ಲೋ ಪಂಪಿನಲ್ಲೋ ನೂರಾರು ಲೀಟರ್ ದ್ರಾವಣ ಬಿಡುವ ಜಾಗಕ್ಕೆ ಅದು ಅಷ್ಟು ನೀರು ಹೊತ್ತುಕೊಂಡು ಹೋಗಲು ಆಗುವುದಿಲ್ಲ. ಆದ್ದರಿಂದ ಮದ್ದನ್ನು ಗಟ್ಟಿಯಾಗಿ ಕಲಸಬೇಕು, ಹನಿಯನ್ನು ಸಣ್ಣ ಮಾಡಬೇಕು. ಹನಿ ಸಣ್ಣದಾದಷ್ಟೂ ಗಾಳಿಗೆ ಹಾರುವುದು ಹೆಚ್ಚು. ಬಯಲಿನ ಗದ್ದೆಯಲ್ಲಿ ಒಂದಾಳು ಎತ್ತರದಿಂದ ಬಿಡುವುದು ಬೇರೆ, ಗುಡ್ಡೆಯ ಇಳಿಜಾರಿನಲ್ಲಿ ಐವತ್ತು ಅಡಿ ಮರದ ಮೇಲಿನಿಂದ ಬಿಡುವುದು ಬೇರೆ. ಇಲ್ಲಿ ಗಾಳಿ ಬೆಳಗ್ಗೆ ಒಂದು ಕಡೆ, ಹನ್ನೊಂದು ಗಂಟೆಗೆ ಇನ್ನೊಂದು ಕಡೆ.

ಇನ್ನು ಅಡಿಕೆಯ ವಿಷಯಕ್ಕೆ ಬಂದರೆ, ಗೊನೆ ಇರುವುದು ಸೋಗೆಯ ಕೆಳಗೆ. ಮೇಲಿನಿಂದ ಬಿಟ್ಟ ಮದ್ದು ಸೋಗೆಗೆ ಅಂಟುತ್ತದೆ, ಗೊನೆಗೆ ಎಷ್ಟು ತಾಗಿತು ಎಂಬುದೇ ಪ್ರಶ್ನೆ. ಸುಣ್ಣ ಸರಿಯಾಗಿ ಸೋಸದಿದ್ದರೆ ನಳಿಗೆ ಕಟ್ಟುತ್ತದೆ. ನೆರೆಕರೆಯ ತೋಟದಲ್ಲಿ ಅವತ್ತು ಎರಡು ಸಲ ಇಳಿಸಿ ತೊಳೆದರು. ಆಗ ಬಂದ ಹುಡುಗರಲ್ಲಿ ಒಬ್ಬ ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ‘ಬೋರ್ಡೋ ಇದಕ್ಕೆ ಸರಿ ಹೋಗುದಿಲ್ಲ ಸರ್. ಬೇರೆ ಒಳ್ಳೆ ಮದ್ದು ಉಂಟು, ಒಂದು ಸಣ್ಣ ಬಾಟ್ಲಿ ಸಾಕು. ಮುಂದಿನ ವರ್ಷ ಅದೇ ತರುವಾ.’

ಬಾಟಲಿ ತೋರಿಸಿದ. ಮೇಲೆ ಚೌಕದೊಳಗೆ ಬಣ್ಣದ ತ್ರಿಕೋನ ಇತ್ತು. ಕೆಂಪು ಅಂದರೆ ಅತ್ಯಂತ ವಿಷ, ಹಳದಿ ಅದಕ್ಕಿಂತ ಸ್ವಲ್ಪ ಕಡಿಮೆ, ನೀಲಿ ಇನ್ನೂ ಕಡಿಮೆ, ಹಸಿರು ಎಲ್ಲಕ್ಕಿಂತ ಕಡಿಮೆ. ಇದು ನೀಲಿ. ಒಳಗಿದ್ದ ಚೀಟಿ ಬಿಡಿಸಿದೆ. ಇಂಗ್ಲಿಷ್, ಹಿಂದಿ, ಮಲಯಾಳ. ಕನ್ನಡ ಇರಲಿಲ್ಲ.

ಚೀಟಿಯ ಭಾಷೆ ಸಣ್ಣ ವಿಷಯವಲ್ಲ

ಭಾಷೆಯ ಮಾತು ತೆಗೆದರೆ ‘ಪುನಃ ಶುರುವಾಯ್ತು ಗಡಿನಾಡಿನವರ ಗೋಳು’ ಅನ್ನುವವರಿದ್ದಾರೆ. ಇದು ಬೋರ್ಡಿನ ಭಾಷೆಯ ಜಗಳವಲ್ಲ ಮಾರಾಯ್ರೇ. ಮದ್ದಿನ ಚೀಟಿಯ ವಿಷಯ. ಇಂಗ್ಲಿಷ್, ಹಿಂದಿಯ ಜೊತೆಗೆ ಆ ಮದ್ದು ಮಾರುವ ಪ್ರದೇಶದ ಒಂದೆರಡು ಪ್ರಾದೇಶಿಕ ಭಾಷೆಗಳಲ್ಲೂ ಚೀಟಿ ಇರಬೇಕು ಎಂದು 1971ರ ನಿಯಮವೇ ಹೇಳುತ್ತದೆ. ರಾಜ್ಯದ ಭಾಷೆ ಎಂದು ಹೇಳಿಲ್ಲ, ಪ್ರದೇಶದ ಭಾಷೆ ಎಂದು ಹೇಳಿದೆ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಅಂಗಡಿಯಲ್ಲಿ ಮಾರುವ ಬಾಟಲಿಗೆ ಕನ್ನಡ ಚೀಟಿ ಇಡಿ ಎಂದು ಕೇಳಿದರೆ ಅದು ಕಾನೂನಿನ ಮಾತೇ.

ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಹಿರಿಯರಲ್ಲಿ ಮಲಯಾಳ ಓದಲು ಬಾರದವರು ಎಷ್ಟೋ ಮಂದಿ. ಮಾತಾಡಿದರೆ ಅರ್ಥವಾಗುತ್ತದೆ, ಅಕ್ಷರ ಗೊತ್ತಿಲ್ಲ. ಕೃಷಿಭವನದಿಂದ ಬರುವ ನೋಟೀಸು, ವಾಟ್ಸಾಪ್ ಗುಂಪಿನಲ್ಲಿ ಬರುವ ಸೂಚನೆ ಬರೀ ಮಲಯಾಳದಲ್ಲಿದ್ದರೆ ಅವರಿಗೆ ತಿಳಿಸಿದ ಹಾಗಾಯಿತಾ? ಮಕ್ಕಳನ್ನು ಕರೆದು ಓದಿಸಿಕೊಳ್ಳಬೇಕು. ಮಕ್ಕಳು ಬೆಂಗಳೂರಲ್ಲೋ ದುಬಾಯಿಯಲ್ಲೋ ಇದ್ದರೆ ಫೋಟೋ ತೆಗೆದು ಕಳಿಸಬೇಕು. ಅಷ್ಟರಲ್ಲಿ ಡ್ರೋನ್ ಬಂದು ಹೋಗಿರುತ್ತದೆ.

ಈಗ ಇದಕ್ಕೆ ನೆಪವೂ ಉಳಿದಿಲ್ಲ. ಗೂಗಲ್ ಅನುವಾದಕ್ಕೆ 2011ರಲ್ಲಿ ಕನ್ನಡ ಸೇರಿತು, 2024ರಲ್ಲಿ ತುಳು ಕೂಡಾ ಸೇರಿತು. ಕೇಂದ್ರ ಸರಕಾರದ್ದೇ ಆದ ‘ಭಾಷಿಣಿ’ 2022ರಿಂದ ಇದೆ. ಯಂತ್ರದ ಅನುವಾದವನ್ನು ಒಬ್ಬ ಕನ್ನಡ ಬಲ್ಲವ ಹತ್ತು ನಿಮಿಷ ಕೂತು ತಿದ್ದಿದರೆ ಸಾಕು. ಡ್ರೋನ್ ಹಾರಿಸುವಷ್ಟು ತಂತ್ರಜ್ಞಾನ ಬಂದಿರುವ ಕಾಲದಲ್ಲಿ ಅರ್ಧ ಪುಟದ ಕನ್ನಡ ಬರುವುದಿಲ್ಲ ಎಂದರೆ ಯಾರು ನಂಬುತ್ತಾರೆ?

ಗಡಿಕಲ್ಲು ಗಾಳಿಗೆ ಗೊತ್ತಿಲ್ಲ

ಇನ್ನೊಂದು ವಿಷಯ ನಮ್ಮಂಥ ಊರುಗಳಿಗೇ ಸೇರಿದ್ದು. ಕೆಲವರ ಮನೆ ಕೇರಳದಲ್ಲಿ, ತೋಟದ ಕೆಳಗಿನ ಅಂಚು ಕರ್ನಾಟಕದಲ್ಲಿ. ಅಲ್ಲಿ ಬಿಟ್ಟ ಮದ್ದು ಇಲ್ಲಿಗೆ ಬರುತ್ತದೆ, ಇಲ್ಲಿಯ ತೋಡು ಅಲ್ಲಿಗೆ ಹರಿಯುತ್ತದೆ. ಎಂಡೋಸಲ್ಫಾನ್ ಕಾಲದಲ್ಲೂ ಹೀಗೇ ಆಯಿತು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಕಡೆ ಕರ್ನಾಟಕದ ಗೇರು ನಿಗಮದ ಗುಡ್ಡೆಗಳಲ್ಲೂ ಅದೇ ಮದ್ದು ಬಿಟ್ಟರು, ಅಲ್ಲಿಯ ಮಕ್ಕಳಿಗೂ ಅದೇ ಕಷ್ಟ ಬಂತು. ಆದರೆ ಪಟ್ಟಿ ಬೇರೆ, ಪರಿಹಾರದ ಲೆಕ್ಕ ಬೇರೆ, ಮಾಸಾಶನ ಬೇರೆ. ಎರಡು ಸರಕಾರಗಳು ಒಂದೇ ಮೇಜಿನಲ್ಲಿ ಕೂತು, ಬನ್ನಿ, ಇದು ಒಂದೇ ರೋಗ, ಒಂದೇ ಲೆಕ್ಕ ಇಡೋಣ ಎಂದು ಹೇಳಿದ್ದನ್ನು ನಾನು ಕೇಳಲಿಲ್ಲ.

ಡ್ರೋನಿನ ವಿಷಯದಲ್ಲಿ ಆ ತಪ್ಪು ಆಗದಿರಲಿ. ಗಡಿಯ ಈಚೆಯ ಪಂಚಾಯತು ಆಚೆಯ ಪಂಚಾಯತಿಗೆ ಒಂದು ಫೋನು ಮಾಡಲು ಯಾವ ಮಹಾಜನ ಆಯೋಗವೂ ಬೇಡ.

ಕೇಳಬೇಕಾದ್ದು ಇಷ್ಟೇ

ನಮ್ಮ ಗ್ರಾಮಸಭೆಗಳಲ್ಲಿ ಕೆಲವು ಮಾತುಗಳನ್ನು ನಿರ್ಣಯ ಮಾಡಿಸಿಕೊಳ್ಳಬೇಕು ಎಂದು ನನ್ನ ಅಭಿಪ್ರಾಯ.

ಒಂದು, 24 ಗಂಟೆ ಮೊದಲು ತಿಳಿಸುವುದು. ವಾರ್ಡು ಸದಸ್ಯರ ಮೂಲಕ, ಆಶಾ ಕಾರ್ಯಕರ್ತೆಯರ ಮೂಲಕ, ಕುಟುಂಬಶ್ರೀ ಗುಂಪುಗಳ ಮೂಲಕ ಸುತ್ತಲಿನ ಮನೆಗಳಿಗೆ ಕನ್ನಡದಲ್ಲೂ ಮಲಯಾಳದಲ್ಲೂ ಹೇಳಬೇಕು. ಓದಲು ಬಾರದವರಿಗೆ ಬಾಯಲ್ಲಿ, ತುಳುವಿನಲ್ಲಿ ಹೇಳಬೇಕು.

ಎರಡು, ಪಂಚಾಯತಿನಲ್ಲಿ ಒಂದು ಪುಸ್ತಕ. ಯಾವ ದಿನ, ಯಾರ ತೋಟ, ಯಾವ ಮದ್ದು, ಎಷ್ಟು, ಹಾರಿಸಿದವರು ಯಾರು. ಐದು ಸಾಲು ಬರೆಯಲು ಐದು ನಿಮಿಷ ಸಾಕು. ಅದು ಹತ್ತು ವರ್ಷ ಕಳೆದ ಮೇಲೆ ನಮ್ಮ ಮೊಮ್ಮಕ್ಕಳಿಗೆ ಸಾಕ್ಷಿ.

ಮೂರು, ಶಾಲೆ, ಅಂಗನವಾಡಿ, ಬಾವಿ, ಸುರಂಗ, ತೋಡು, ಜೇನುಪೆಟ್ಟಿಗೆಗಳ ಹತ್ತಿರ ಬಿಡಬಾರದ ಪಟ್ಟಿಯನ್ನು ನಕ್ಷೆಯಲ್ಲಿ ಗುರುತಿಸಬೇಕು. ಡ್ರೋನಿಗೆ ಗಡಿ ಹಾಕಿಕೊಡಬಹುದು ಎನ್ನುವುದೇ ಅದರ ಹೆಚ್ಚುಗಾರಿಕೆ ತಾನೇ? ಅದನ್ನು ನಮ್ಮ ಬಾವಿಯ ರಕ್ಷಣೆಗೂ ಬಳಸಲಿ.

ನಾಲ್ಕು, ಈಗಲೇ, ಹೆಚ್ಚು ಡ್ರೋನ್ ಬರುವ ಮೊದಲೇ, ಪ್ರತಿ ವಾರ್ಡಿನ ಕೆಲವು ಬಾವಿ, ಸುರಂಗದ ನೀರನ್ನು ಪರೀಕ್ಷಿಸಿ ಬರೆದಿಡಬೇಕು. ಹಿಂದೆ ಮಾಡದೇ ಹೋದ ಕೆಲಸ ಇದೇ.

ಐದು, ಅಡಿಕೆಗೆ ಡ್ರೋನ್ ನಿಜವಾಗಿಯೂ ಹೊಂದುತ್ತದಾ, ಗೊನೆಗೆ ಮದ್ದು ಎಷ್ಟು ತಾಗುತ್ತದೆ, ಪಕ್ಕದ ಜಾಗೆಗೆ ಎಷ್ಟು ಹೋಗುತ್ತದೆ ಎಂಬುದನ್ನು ಮಾರುವವರ ಬಾಯಿಂದ ಕೇಳಿದರೆ ಸಾಲದು. ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ನಮ್ಮ ಕಾಸರಗೋಡಿನಲ್ಲೇ ಇದೆ. ಅದರ ವಿಜ್ಞಾನಿಗಳು ನಮ್ಮ ಇಳಿಜಾರಿನ ತೋಟಗಳಲ್ಲೇ ಮಾಡಿ ನೋಡಿ, ಫಲಿತಾಂಶವನ್ನು ಕನ್ನಡದಲ್ಲಿ ಹೇಳಲಿ. ಸರಿ ಇದೆ ಎಂದರೆ ನಾನೇ ಮೊದಲು ಡ್ರೋನ್ ಕರೆಸುತ್ತೇನೆ.

‘ಇಷ್ಟೆಲ್ಲ ಷರತ್ತು ಹಾಕಿದರೆ ಡ್ರೋನಿನವರು ನಮ್ಮ ಊರಿಗೇ ಬರುವುದಿಲ್ಲ ಮಾಷ್ಟ್ರೇ’ ಎಂದು ತೋಟದ ಯಜಮಾನರು ನಗಾಡಿದರು. ಅವರ ಕಷ್ಟ ನನಗೆ ಗೊತ್ತು. ಆದರೆ ಮಾತು ಹಾಗಲ್ಲ. ನೆರೆಯವರಿಗೆ ನಂಬಿಕೆ ಬಂದರೆ ಡ್ರೋನ್ ಉಳಿಯುತ್ತದೆ. ಒಂದು ಮಗುವಿಗೆ ವಾಂತಿಯಾಗಿ, ಒಂದು ತೋಡಿನಲ್ಲಿ ಮೀನು ಸತ್ತು ತೇಲಿ, ಊರಿನವರು ದೊಣ್ಣೆ ಹಿಡಿದು ನಿಂತರೆ ಆಮೇಲೆ ಒಳ್ಳೆಯ ಮದ್ದನ್ನೂ ಬಿಡಲಾಗುವುದಿಲ್ಲ. ಷರತ್ತು ಇರುವುದು ಯಂತ್ರವನ್ನು ಓಡಿಸಲು ಅಲ್ಲ, ಉಳಿಸಲು. ಹೀಗೆ ಹೇಳಿದ ಮೇಲೆ ಅವರೂ ಸ್ವಲ್ಪ ಹೊತ್ತು ಸುಮ್ಮನಾದರು. ‘ಮುಂದಿನ ಸಲ ಅಜ್ಜಿಗೆ ನಾನೇ ಹೋಗಿ ಹೇಳ್ತೇನೆ’ ಅಂದರು. ಅಷ್ಟು ಸಾಕು, ಶುರುವಾಗಬೇಕಾದ್ದು ಅಲ್ಲಿಂದಲೇ.

ಅವತ್ತು ಸಂಜೆ ಡ್ರೋನ್ ಹೋದ ಮೇಲೆ ನಾನು ಪುನಃ ಆ ಮನೆಯ ಕಡೆ ಹೋದೆ. ಬಾವಿಯ ಮೇಲಿನ ತಗಡು ಹಾಗೇ ಇತ್ತು. ಅದರ ಮೇಲೆ ನೀಲಿ ಮಿಶ್ರಿತ ಬಿಳಿ ಚುಕ್ಕಿಗಳು, ಸುಣ್ಣ ಮತ್ತು ಮೈಲುತುತ್ತಿನವು. ತೋಟದ ಬೇಲಿಯಿಂದ ಆ ಬಾವಿಗೆ ಇಪ್ಪತ್ತು ಹೆಜ್ಜೆ ಇರಬಹುದು.

ಅಜ್ಜಿ ಏನೂ ಹೇಳಲಿಲ್ಲ. ತಗಡಿನ ಒಂದು ತುದಿ ಹಿಡಿದರು. ಇನ್ನೊಂದು ತುದಿ ನಾನು ಹಿಡಿದೆ. ನೀರಿಗೆ ಒಂದು ಚುಕ್ಕಿಯೂ ಬೀಳದ ಹಾಗೆ ನಿಧಾನವಾಗಿ ಎತ್ತಿ ಇಬ್ಬರೂ ಅದನ್ನು ದೂರ ಕೊಂಡುಹೋಗಿ ಇಟ್ಟೆವು.